ರೇಡಿಯೇಟರಿನೊಳಗೆ ಶಹಾಬಾದ್ ಕಲ್ಲು: ಬಸ್ ಎಂಜಿನ್ನಿನ ಮೂಲಕ ಗಡಸು ನೀರಿನ ಪಾಠ

ವಿಷಯ: ವಿಜ್ಞಾನ
ತರಗತಿ: 10
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಕಾಲಾವಧಿ: 40 ನಿಮಿಷಗಳ 2 ಅವಧಿಗಳು

ಹಿನ್ನೆಲೆ

ಸುಣ್ಣದ ತಿಳಿನೀರಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಅದು ಹಾಲಿನಂತಾಗುತ್ತದೆ. ಹಾಯಿಸುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಮಕ್ಕಳು ಈ ಎರಡು ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಎರಡನೆಯದು ತಮ್ಮ ಊರಿನ ನೆಲದಡಿಯಲ್ಲೇ ನಡೆಯುತ್ತಿದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನದು ಸುಣ್ಣಕಲ್ಲಿನ ನೆಲ. ಮನೆಗೆ ಹಾಸುವ ಶಹಾಬಾದ್ ಪರ್ಸಿ ಇದೇ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಇದೇ ಕಲ್ಲಿಗಾಗಿ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕೆಳಗಿಳಿಯುವಾಗ ಈ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಕರಗಿದ್ದು ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್ ಆಗಿ ಬೋರ್‌ವೆಲ್ ನೀರಿನಲ್ಲಿ ಮೇಲೆ ಬರುತ್ತದೆ. ಆ ನೀರನ್ನು ಕಾಯಿಸಿದರೆ ಕ್ರಿಯೆ ಹಿಮ್ಮುಖವಾಗಿ, ಕಲ್ಲು ಮತ್ತೆ ಕಲ್ಲಾಗಿ ಪಾತ್ರೆಯ ತಳದಲ್ಲಿ ಕೂರುತ್ತದೆ. ಪಾತ್ರೆಯ ಜಾಗದಲ್ಲಿ ಬಸ್ ಎಂಜಿನ್ ಇದ್ದರೆ ಏನಾಗುತ್ತದೆ ಎಂಬುದೇ ಈ ಪಾಠ.

ಪೂರ್ವಸಿದ್ಧತೆ

ಬೋರ್‌ವೆಲ್ ನೀರು, ಡಿಸ್ಟಿಲ್ಡ್ ವಾಟರ್, ಸೋಪು, ಪರ್ಸಿಯ ಚೂರು, ಮನೆಯ ನೀರು ಕಾಯಿಸುವ ರಾಡಿನಿಂದ ಕೆರೆದ ಬಿಳಿ ಪದರ, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಸುಣ್ಣದ ತಿಳಿನೀರು ಬೇಕು. ಎರಡು ಸ್ಟೀಲ್ ಬಟ್ಟಲುಗಳಲ್ಲಿ ಎರಡೂ ಬಗೆಯ ನೀರನ್ನು ಹಿಂದಿನ ದಿನವೇ ಪೂರ್ತಿ ಆರುವವರೆಗೆ ಕುದಿಸಿಟ್ಟುಕೊಳ್ಳಿ. ತರಗತಿಯಲ್ಲಿ ಕುದಿಸಲು ಹೊರಟರೆ ಅವಧಿ ಅದರಲ್ಲೇ ಮುಗಿದುಹೋಗುತ್ತದೆ. ಆಮ್ಲವನ್ನು ಶಿಕ್ಷಕರೇ ಹಾಕಬೇಕು.

ಮೊದಲ ಅವಧಿ

"ಬಸ್ಸಿನ ಎಂಜಿನ್ನಿಗೆ ನೀರು ಯಾಕೆ ಹಾಕುತ್ತಾರೆ?" ಎಂದು ಕೇಳಿ. "ತಂಪಾಗಲಿ ಅಂತ್ರೀ ಸರ್" ಎಂಬ ಉತ್ತರ ಬಂದೇ ಬರುತ್ತದೆ. "ಹಾಗಾದರೆ ಯಾವ ನೀರು?" ಎಂದರೆ, "ಯಾವ ನೀರಾದ್ರೇನ್ರೀ, ನೀರು ನೀರೇ ಅಲ್ರೀ?" ಎನ್ನುತ್ತಾರೆ. ಪಾಠ ತಿದ್ದಬೇಕಾದ ತಪ್ಪು ಕಲ್ಪನೆ ಇದೇ. ಕೂಡಲೇ ತಿದ್ದದೆ, ಆ ಮಾತನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ.

ಮಕ್ಕಳು ಎರಡೂ ನೀರಿನಲ್ಲಿ ಸೋಪು ಉಜ್ಜಲಿ. ನೊರೆಯ ವ್ಯತ್ಯಾಸ ತಾವೇ ಹೇಳಲಿ. ಕುದಿಸಿಟ್ಟ ಬಟ್ಟಲುಗಳ ತಳವನ್ನು ಬೆರಳಿನಿಂದ ಮುಟ್ಟಿ ನೋಡಲಿ. ಆಮೇಲೆ ಒಂದು ಪ್ರನಾಳದಲ್ಲಿ ಪರ್ಸಿಯ ಚೂರು, ಇನ್ನೊಂದರಲ್ಲಿ ರಾಡಿನ ಪದರ ಇಟ್ಟು ಎರಡಕ್ಕೂ ಆಮ್ಲ ಹಾಕಿ. ಎರಡೂ ಬುರುಗುಟ್ಟುತ್ತವೆ, ಎರಡರ ಅನಿಲವೂ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ನೆಲದ ಕಲ್ಲು, ರಾಡಿನ ಪದರ ಎರಡೂ ಕಾರ್ಬೊನೇಟ್ ಎಂಬ ತೀರ್ಮಾನ ಮಕ್ಕಳಿಂದಲೇ ಬರಬೇಕು.

ಎರಡನೆಯ ಅವಧಿ

ಈಗ ಎಂಜಿನ್ನಿಗೆ ಬನ್ನಿ. ಡೀಸೆಲ್ ಉರಿದು ಬರುವ ಶಾಖದ ದೊಡ್ಡ ಪಾಲು ಚಕ್ರ ತಿರುಗಿಸುವುದಿಲ್ಲ. ಒಂದಷ್ಟು ಹೊಗೆಯೊಂದಿಗೆ ಹೋಗುತ್ತದೆ. ಇನ್ನೊಂದಷ್ಟನ್ನು ಸಿಲಿಂಡರುಗಳ ಸುತ್ತ ಹರಿಯುವ ಕೂಲಂಟ್ ಹೊತ್ತೊಯ್ಯುತ್ತದೆ. ವಾಟರ್ ಪಂಪ್ ಅದನ್ನು ತಳ್ಳುತ್ತದೆ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಗಾಳಿ ಅದರ ಶಾಖವನ್ನು ಕಸಿದುಕೊಳ್ಳುತ್ತದೆ. ಥರ್ಮೋಸ್ಟ್ಯಾಟ್ ಎಂಜಿನ್ ಹದಕ್ಕೆ ಕಾಯುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುತ್ತದೆ. ಅದನ್ನು ಕಿತ್ತುಹಾಕಿದರೆ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ: ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಸರಿಯಾಗಿ ಉರಿಯದು, ಸವೆತವೂ ಹೆಚ್ಚು.

ಕಲ್ಲಿನ ಪದರ ಲೋಹದಷ್ಟು ಚೆನ್ನಾಗಿ ಶಾಖ ದಾಟಿಸುವುದಿಲ್ಲ. ಅದು ಸಿಲಿಂಡರಿನ ಹೊರಮೈಗೆ ಅಂಟಿದರೆ ಶಾಖ ಒಳಗೇ ಉಳಿಯುತ್ತದೆ. ನಳಿಗೆಗೆ ಅಂಟಿದರೆ ದಾರಿ ಕಿರಿದಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ತುಂಬಿದ ಬಸ್ಸು ಚಿಂಚೋಳಿಯಿಂದ ಕೊಂಚಾವರಂ ಕಡೆಯ ಗುಡ್ಡ ಏರುವಾಗ ಈ ಕೊರತೆ ಹೊರಬೀಳುತ್ತದೆ. ಹೆಡ್ ಗ್ಯಾಸ್ಕೆಟ್ ಸುಡಬಹುದು, ಹೆಡ್ ಬಿರುಕು ಬಿಡಬಹುದು. ಬಸ್ಸು ನಿಂತರೆ ಪರೀಕ್ಷೆಗೆ ಹೊರಟ ಮಗುವೂ, ಆಸ್ಪತ್ರೆಗೆ ಹೊರಟ ರೋಗಿಯೂ ದಾರಿಯಲ್ಲೇ ಉಳಿಯುತ್ತಾರೆ.

ಈಗ ಒಂದು ಲೆಕ್ಕ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪುತ್ತಾರೆ. ನಮ್ಮ ನೀರಿನದು 500 ಎಂದು ಇಟ್ಟುಕೊಳ್ಳೋಣ. 40 ಲೀಟರ್ ಒಮ್ಮೆ ತುಂಬಿ ಅದರಲ್ಲಿರುವುದೆಲ್ಲ ಕೂತರೂ 20 ಗ್ರಾಂ ಕಲ್ಲು. ಆದರೆ ಎಲ್ಲೋ ಸೋರುತ್ತಿದೆ, ದಿನಕ್ಕೆ 2 ಲೀಟರ್ ಸುರಿಯುತ್ತಾರೆ ಎನ್ನಿ. 300 ದಿನಕ್ಕೆ 600 ಲೀಟರ್, ಅಂದರೆ 300 ಗ್ರಾಂ ಕಲ್ಲು! ಎಂಜಿನ್ನನ್ನು ಕೆಡಿಸುವುದು ಮೊದಲು ತುಂಬಿದ ನೀರಿಗಿಂತ ದಿನದಿನ ಸುರಿದ ನೀರು. ನೀರು ಸುರಿಯುವುದು ನಿರ್ವಹಣೆಯಲ್ಲ. ಸೋರುವ ಜಾಗ ಹುಡುಕುವುದು ನಿರ್ವಹಣೆ.

ಈ ಮಾತಿನಿಂದ ನಿರ್ವಹಣೆಯ ಕ್ರಮಗಳು ತಾವಾಗಿ ಹೊರಡುತ್ತವೆ. ಒಂದೊಂದಕ್ಕೂ "ಏಕೆ?" ಎಂದು ಕೇಳುತ್ತ ಬರೆಯಿಸಿ:

1. ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ನೋಡಬೇಕು. ಪದೇಪದೇ ಇಳಿದರೆ ಹೋಸ್, ಕ್ಲಿಪ್, ವಾಟರ್ ಪಂಪ್, ರೇಡಿಯೇಟರ್ ಪರೀಕ್ಷಿಸಬೇಕು. ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು.
2. ಖನಿಜ ತೆಗೆದ ನೀರಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲಂಟ್ ಬೆರೆಸಬೇಕು. ಅದರ ಗ್ಲೈಕಾಲ್ ಕುದಿಬಿಂದು ಏರಿಸುತ್ತದೆ, ಇತರ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಬರೀ ಗ್ಲೈಕಾಲ್ ತುಂಬಬಾರದು. ಶಾಖ ಹೊರುವುದರಲ್ಲಿ ನೀರೇ ಮೇಲು.
3. ರೇಡಿಯೇಟರಿನ ರೆಕ್ಕೆಗಳ ನಡುವಿನ ದೂಳು, ಹೊಟ್ಟು ತೆಗೆಯಬೇಕು. ಫ್ಯಾನ್ ಬೆಲ್ಟಿನ ಬಿಗಿ ನೋಡಬೇಕು.
4. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ.
5. ಹಳೆಯ ಕೂಲಂಟನ್ನು ಬಯಲಿಗೆ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ದನ ನೆಕ್ಕಿದರೆ ಸಾಯಬಹುದು.

ಸುರಕ್ಷತೆ: ಬಿಡಬಾರದ ಮಾತು

ರಜೆಯಲ್ಲಿ ಗ್ಯಾರೇಜಿಗೆ ಹೋಗುವ ಹುಡುಗರು ತರಗತಿಯಲ್ಲಿರಬಹುದು. ಕಾದ ರೇಡಿಯೇಟರಿನ ಕ್ಯಾಪ್ ಏಕೆ ತೆಗೆಯಬಾರದೆಂದು ಕುಕ್ಕರಿನ ಉದಾಹರಣೆಯಿಂದ ತಿಳಿಸಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತಿರುಗಿಸಿದೊಡನೆ ಒತ್ತಡ ಇಳಿದು, ಅದೇ ನೀರು ಭುಗಿಲೆಂದು ಕುದಿದು ಆವಿಯೊಂದಿಗೆ ಮುಖಕ್ಕೆ ಹಾರುತ್ತದೆ. ಮೇಲೆ ಬಟ್ಟೆ ಹಾಕಿಕೊಂಡು ತೆಗೆಯುವುದೂ ಉಪಾಯವಲ್ಲ. ಎಂಜಿನ್ ಆರುವವರೆಗೆ ಕಾಯುವುದೊಂದೇ ದಾರಿ.

ಮೌಲ್ಯಮಾಪನ

ಕಪ್ಪುಹಲಗೆಯ ಮೂಲೆಯ ಮಾತನ್ನು ಮತ್ತೆ ಓದಿಸಿ, ತಿದ್ದಿ ಬರೆಯಲು ಮಕ್ಕಳಿಗೇ ಹೇಳಿ. ನಂತರ ಈ ಪ್ರಶ್ನೆಗಳು:

1. ಪರ್ಸಿ ಮತ್ತು ರಾಡಿನ ಪದರ ಒಂದೇ ಜಾತಿಯವು ಎಂದು ಯಾವ ಪ್ರಯೋಗದಿಂದ ತೋರಿಸುವಿರಿ?
2. ಗಡಸುತನ 300 ಇರುವ ನೀರನ್ನು ದಿನಕ್ಕೆ 1 ಲೀಟರಿನಂತೆ 200 ದಿನ ಸುರಿದರೆ ಎಷ್ಟು ಗ್ರಾಂ ಕಲ್ಲು ಒಳಹೋಗುತ್ತದೆ?
3. ದಿನವೂ ನೀರು ಸುರಿಯುವ ಟ್ರಾಕ್ಟರ್ ಚಾಲಕರೊಬ್ಬರಿಗೆ ನೀವು ಹೇಳುವ ಎರಡು ಮಾತುಗಳು ಯಾವುವು? ಕಾರಣ ಕೊಡಿ.

ಮೂರನೆಯ ಪ್ರಶ್ನೆಗೆ ಮಗು ತನ್ನ ಮಾತಿನಲ್ಲಿ ಕಾರಣ ಕೊಟ್ಟರೆ, ಸಮೀಕರಣ ಬರೆಯುವಾಗ ಎಡವಿದರೂ, ಪಾಠ ಮುಟ್ಟಿದೆ ಎಂದು ತಿಳಿಯಬಹುದು. ಸಮೀಕರಣವನ್ನು ಮರುದಿನ ತಿದ್ದಬಹುದು.