‘ಅಲ್ಲ’ ಅಂದರೆ ಮುಖ ಬಾಡಿಸಬೇಡ

ಮರೀ, ಶನಿವಾರ ರಾತ್ರಿ ನೀನೂ ನಿನ್ನ ಗೆಳೆಯರೂ ಫೋನಿನಲ್ಲಿ ಕೂಡಿಕೊಂಡು ಆಡುವ ‘ನಾನ್ಯಾರು’ ಆಟ ನನ್ನ ಕೋಣೆಗೂ ಕೇಳಿಸುತ್ತದೆ. ಕದ್ದು ಕೇಳುವುದೇನಲ್ಲ, ನಿಮ್ಮ ಗಲಾಟೆಯೇ ಹಾಗಿರುತ್ತದೆ. ಒಬ್ಬರು ಯಾರನ್ನೋ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಉಳಿದವರು ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಹೇಳಬಹುದಾದ ಪ್ರಶ್ನೆ ಕೇಳಿ ಇಪ್ಪತ್ತರೊಳಗೆ ಹಿಡಿಯಬೇಕು. ನಿಮ್ಮ ಕಾಲದ ಆಟವೆಂದು ಬೀಗಬೇಡಿ. 1946ರಲ್ಲಿ ಅಮೆರಿಕದ ರೇಡಿಯೋದಲ್ಲಿ, ಮರುವರ್ಷ ಬಿಬಿಸಿಯಲ್ಲಿ ಇದು ಕಾರ್ಯಕ್ರಮವಾಗಿಯೇ ಬರುತ್ತಿತ್ತು. ಆಡಿ, ಧಾರಾಳವಾಗಿ ಆಡಿ. ಆದರೆ ಲೆಕ್ಕದ ಮೇಷ್ಟ್ರಾಗಿದ್ದವನ ನಾಲಿಗೆ ಸುಮ್ಮನಿರುವುದಿಲ್ಲ, ಅದಕ್ಕೇ ಈ ನಾಲ್ಕು ಮಾತು.

ಮೊನ್ನೆ ನಿನ್ನ ಗೆಳತಿಯ ಸರದಿ. ‘ಹೆಣ್ಣಾ?’ ಎಂದಿರಿ, ‘ಹೌದು’ ಎಂದಳು. ತಗೋ, ಶುರುವಾಯಿತು: ಕಿತ್ತೂರು ಚೆನ್ನಮ್ಮನಾ? ಓಬವ್ವನಾ? ಸೀತೆಯಾ? ಹ್ಯಾರಿ ಪಾಟರ್ ಕಥೆಯ ಹರ್ಮಾಯಿನಿಯಾ? ಒಂದೊಂದಕ್ಕೂ ‘ಅಲ್ಲ’ ಬಿದ್ದಾಗ ನಿಮ್ಮ ದನಿ ಕುಗ್ಗುತ್ತ ಹೋಯಿತು. ಇಪ್ಪತ್ತೂ ಮುಗಿದ ಮೇಲೆ ಅವಳು ಹೇಳಿದ್ದು ಪುಣ್ಯಕೋಟಿ. ‘ಮನುಷ್ಯರಾ?’ ಎಂದು ನಿಮ್ಮಲ್ಲೊಬ್ಬರೂ ಕೇಳಿರಲಿಲ್ಲ!

ಹೆಸರು ಹಿಡಿದು ಕೇಳಿದರೆ ಆಗುವ ನಷ್ಟ ಎಷ್ಟೆಂದು ನೋಡು. ಮನಸ್ಸಿನಲ್ಲಿರಬಹುದಾದವರು ನೂರು ಜನ ಎಂದಿಟ್ಟುಕೋ. ‘ಚೆನ್ನಮ್ಮನಾ?’ ಎಂದು ಕೇಳಿ ‘ಅಲ್ಲ’ ಅನ್ನಿಸಿಕೊಂಡರೆ ಇನ್ನೂ ತೊಂಬತ್ತೊಂಬತ್ತು ಜನ ಹಾಗೇ ಕೂತಿರುತ್ತಾರೆ. ‘1947ಕ್ಕಿಂತ ಮೊದಲೇ ತೀರಿಕೊಂಡವರಾ?’ ಎಂದು ಕೇಳಿದ್ದರೆ, ಹೌದೆಂದರೂ ಅಲ್ಲವೆಂದರೂ ಸುಮಾರು ಅರ್ಧ ಜನ ಎದ್ದು ಹೋಗುತ್ತಿದ್ದರು. ಹೀಗೆ ಅರ್ಧಕ್ಕರ್ಧ ಕಡಿಯುತ್ತ ಹೋದರೆ ನೂರು ಜನರಿಗೆ ಏಳು ಪ್ರಶ್ನೆ ಸಾಕು. ಹತ್ತು ಪ್ರಶ್ನೆಯಲ್ಲಿ 1,024 ಜನರಲ್ಲೊಬ್ಬರನ್ನು ಹಿಡಿಯಬಹುದು. ಇಪ್ಪತ್ತರಲ್ಲಿ? 10,48,576. ಹತ್ತು ಲಕ್ಷ ಜನ ನಿಮ್ಮ ಬಲೆಯೊಳಗೆ ಇರುವಾಗ ನೀವು ಇಪ್ಪತ್ತು ಹೆಸರು ಕೂಗಿ ಕೈಚೆಲ್ಲುತ್ತೀರಿ.

ಆದ್ದರಿಂದ ಬಾಯಿ ತೆರೆಯುವ ಮೊದಲು ಒಂದೇ ಒಂದು ಲೆಕ್ಕ ಹಾಕು: ಇದಕ್ಕೆ ‘ಅಲ್ಲ’ ಎಂದರೆ ನನಗೇನು ಸಿಗುತ್ತದೆ? ಏನೂ ಸಿಗದಿದ್ದರೆ ಆ ಪ್ರಶ್ನೆ ಬೇಡ. ‘ಹೆಸರು ಸ್ವರಾಕ್ಷರದಿಂದ ಶುರುವಾಗುತ್ತದಾ?’ ಎಂದು ನಿನ್ನ ಗೆಳೆಯ ಬಹಳ ಜಾಣತನದಿಂದ ಕೇಳಿದ. ನಮ್ಮ ಹೆಸರುಗಳಲ್ಲಿ ಮುಕ್ಕಾಲುಪಾಲು ವ್ಯಂಜನದಿಂದಲೇ ಶುರುವಾಗುವಾಗ ‘ಅಲ್ಲ’ ಬರುವ ಸಂಭವವೇ ಹೆಚ್ಚು, ಬಂದರೂ ಪಟ್ಟಿ ಅಷ್ಟಾಗಿ ಸವೆಯುವುದಿಲ್ಲ. ಅದರ ಬದಲು ವರ್ಣಮಾಲೆಯನ್ನೇ ನಡುವೆ ಸೀಳಿ, ‘ತವರ್ಗ ಮುಗಿಯುವುದರೊಳಗೆ ಬರುವ ಅಕ್ಷರವಾ?’ ಎನ್ನಲಿ. ಲೆಕ್ಕವೊಂದೇ ಸಾಲದು, ನಿಜ. ಎದುರಿಗಿರುವವನು ಕ್ರಿಕೆಟ್ ಹುಚ್ಚನಾದರೆ ಅವನ ತಲೆಯಲ್ಲಿ ಕುಮಾರವ್ಯಾಸ ಇರುವ ಸಂಭವ ಕಡಿಮೆ. ಆಳು ನೋಡಿ ಪ್ರಶ್ನೆ ಕೇಳುವುದೂ ಜಾಣತನವೇ.

ಇನ್ನು ಗುಟ್ಟು ಇಟ್ಟುಕೊಂಡವನ ವಿಷಯ. ನನ್ನ ಪ್ರಕಾರ ಆಟದ ಭಾರವೆಲ್ಲ ಅವನ ಮೇಲೇ. ಹೋದ ವಾರ ನೀನು ಕರ್ಣನನ್ನು ಇಟ್ಟುಕೊಂಡಿದ್ದೆ. ‘ಪಾಂಡವನಾ?’ ಎಂಬ ಪ್ರಶ್ನೆಗೆ ಥಟ್ಟನೆ ‘ಅಲ್ಲ’ ಎಂದೆ. ಐವರಲ್ಲೊಬ್ಬನಲ್ಲ, ಒಪ್ಪಿದೆ. ಆದರೆ ಕುಂತಿಯ ಚೊಚ್ಚಲ ಮಗ, ಆ ಐವರ ಅಣ್ಣ. ಪಾಂಡುವಿಗೆ ಹುಟ್ಟಿದವನಲ್ಲ ಎನ್ನುತ್ತೀಯಾ? ಆ ಲೆಕ್ಕಕ್ಕೆ ಉಳಿದ ಐವರೂ ದೇವತೆಗಳ ವರದಿಂದ ಬಂದವರೇ. ಇಂಥ ಕಡೆ ‘ಅಲ್ಲ’ ಎಂದು ಹೇಳಿ ಒಳಗೊಳಗೇ ನಗುವುದು ಸುಲಭ. ‘ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಕೇಳು’ ಎನ್ನುವುದು ಸರಿ. ಮಾಲ್ಗುಡಿಯ ಸ್ವಾಮಿಯನ್ನು ಇಟ್ಟುಕೊಂಡರೂ ಇದೇ ಪಾಡು. ‘ಕನ್ನಡದವನಾ?’ ಎಂದರೆ ಏನೆನ್ನುತ್ತೀ? ಆರ್. ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಶಂಕರ್‌ನಾಗ್ ಆಗುಂಬೆಯಲ್ಲಿ ಧಾರಾವಾಹಿ ತೆಗೆದ ಮೇಲೆ ನಾವೆಲ್ಲ ಅವನನ್ನು ನಮ್ಮ ಹುಡುಗನೆಂದೇ ಅಂದುಕೊಂಡೆವು. ‘ಹೌದು ಅಂತಲೂ ಅಲ್ಲ ಅಂತಲೂ ಹೇಳಲಾರೆ’ ಎಂದರೆ ಯಾರೂ ಗದರುವುದಿಲ್ಲ. 2007ರಿಂದ ಜನ ಆಡುತ್ತಿರುವ ಫ್ರೆಂಚರ ಅಕಿನೇಟರ್ ಎಂಬ ಊಹೆಯಾಟದ ಭೂತ ಕೂಡ ‘ಗೊತ್ತಿಲ್ಲ’, ‘ಇರಬಹುದು’, ‘ಇರಲಿಕ್ಕಿಲ್ಲ’ ಎಂಬ ಉತ್ತರಗಳಿಗೆ ಜಾಗ ಇಟ್ಟಿದೆ.

ಧರ್ಮರಾಯನ ಕಥೆ ನಿನಗೆ ಗೊತ್ತು. ಮಗ ಸತ್ತದ್ದು ನಿಜವೇ ಎಂದು ದ್ರೋಣರು ಕೇಳಿದಾಗ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಗಂಟಲೊಳಗೇ ಉಳಿಸಿಕೊಂಡ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ನಿಮ್ಮ ಆಟದಲ್ಲಿ ಅಂಥ ಉತ್ತರದ ಬೆಲೆಯನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಸ್ಟಾನಿಸ್ಲಾವ್ ಉಲಾಂ ಎಂಬ ಗಣಿತಜ್ಞ 1976ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಒಂದು ಪ್ರಶ್ನೆ ಎತ್ತಿದ: ಒಂದರಿಂದ ಹತ್ತು ಲಕ್ಷದೊಳಗಿನ ಸಂಖ್ಯೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡವನು ಒಂದೇ ಒಂದು ಸಲ ಸುಳ್ಳು ಹೇಳಬಹುದಾದರೆ ಎಷ್ಟು ಪ್ರಶ್ನೆ ಬೇಕು? ಹನ್ನೊಂದು ವರ್ಷ ಕಳೆದ ಮೇಲೆ ಇನ್ನೊಬ್ಬ ಗಣಿತಜ್ಞ ಉತ್ತರ ಕೊಟ್ಟ: 25. ಒಂದು ಸುಳ್ಳಿಗೆ ಐದು ಪ್ರಶ್ನೆ ದಂಡ. ಅದೂ ಸುಳ್ಳು ಒಂದಕ್ಕಿಂತ ಹೆಚ್ಚಿಲ್ಲವೆಂದು ಕೇಳುವವರಿಗೆ ಮೊದಲೇ ಗೊತ್ತಿದ್ದರೆ ಮಾತ್ರ. ಗೊತ್ತಿಲ್ಲದವರು ಆಟ ಬಿಟ್ಟು ಎದ್ದು ಹೋಗಬೇಕಷ್ಟೇ.

ಫೋನಿನ ಆಟದಲ್ಲಿ ಜಗಳ ಹತ್ತಲು ಸುಳ್ಳೂ ಬೇಕಿಲ್ಲ. ಮಾತಿನ ಬದಲು ಚಾಟ್‌ನಲ್ಲಿ ಆಡುವಾಗ ಇಬ್ಬರು ಒಟ್ಟಿಗೆ ಪ್ರಶ್ನೆ ಟೈಪ್ ಮಾಡಿದರೆ ನಿನ್ನ ‘ಹೌದು’ ಯಾರಿಗೆ ಎಂದು ತಿಳಿಯುವುದಿಲ್ಲ. ಪ್ರಶ್ನೆಗೆ ನಂಬರು ಹಾಕಿ, ಆ ಪ್ರಶ್ನೆಯನ್ನೇ ಒತ್ತಿ ಹಿಡಿದು ರಿಪ್ಲೈ ಮಾಡಿ. ಗುಟ್ಟು ಇಟ್ಟುಕೊಂಡವನು ನಡುವೆ ಪಾತ್ರ ಬದಲಿಸಿದನೆಂಬ ಅನುಮಾನ ಬರಬಾರದೆಂದರೆ ಶುರುವಿಗೆ ಮೊದಲೇ ಹೆಸರನ್ನು ಚೀಟಿಯಲ್ಲಿ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಗೂಗಲ್ ಮಾಡುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರು ಕೇಳುವುದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ನಿಮ್ಮ ತರಗತಿಯ ಹುಡುಗನನ್ನೋ, ನಿಮಗೆ ಪಾಠ ಹೇಳುವ ಟೀಚರನ್ನೋ ಗುಟ್ಟಿನ ಪಾತ್ರ ಮಾಡಿಕೊಳ್ಳಬೇಡಿ. ಡಿಕೆನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’ನಲ್ಲಿ ಇದೇ ಆಟ ಬರುತ್ತದೆ. ಹಬ್ಬದ ರಾತ್ರಿ ಸೋದರಳಿಯ ಒಂದು ಪ್ರಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ಗುರುಗುಟ್ಟುವ ಪ್ರಾಣಿ, ಲಂಡನ್ನಿನ ಬೀದಿಯಲ್ಲೇ ಓಡಾಡುವ ಪ್ರಾಣಿ; ಕತ್ತೆಯಾ, ಕರಡಿಯಾ ಎಂದೆಲ್ಲ ಕೇಳಿ ಕೇಳಿ, ಕೊನೆಗೆ ಅದು ಅವನ ಮಾವ ಸ್ಕ್ರೂಜ್ ಎಂದು ತಿಳಿದು ಮನೆಯೇ ಬಿದ್ದು ಬಿದ್ದು ನಗುತ್ತದೆ. ಆ ಮುದುಕ ಯಾರ ಕಣ್ಣಿಗೂ ಬೀಳದೆ ಅಲ್ಲೇ ನಿಂತು ಎಲ್ಲವನ್ನೂ ಕೇಳುತ್ತಿರುತ್ತಾನೆ. ಅಳಿಯ ಒಳ್ಳೆಯವನು, ಮಾವನ ಹೆಸರಲ್ಲೇ ಲೋಟ ಎತ್ತಿದ. ಕಥೆ ಹೇಗೋ ದಡ ಸೇರಿತು. ನಿಮ್ಮ ಗುಂಪಿನ ಮಾತು ಯಾರದೋ ಸ್ಕ್ರೀನ್‌ಶಾಟ್ ಆಗಿ ಆ ಹುಡುಗನ ಫೋನಿಗೆ ಹೋದರೆ ದಡ ಸೇರಿಸುವವರು ಯಾರು? ‘ದಪ್ಪಗಿದ್ದಾನಾ?’, ‘ಕಪ್ಪಾ?’ ಎಂದು ಕೇಳಿದ್ದನ್ನೂ ‘ಹೌದು’ ಎಂದದ್ದನ್ನೂ ಅವನು ಒಂದೊಂದಾಗಿ ಓದುತ್ತಾನೆ. ಸತ್ತು ಶತಮಾನ ಕಳೆದ ದೊಡ್ಡವರ ವಿಷಯದಲ್ಲೂ ಜಾತಿಯ ಪ್ರಶ್ನೆ ಬೇಡ. ಅರ್ಧಕ್ಕರ್ಧ ಕಡಿಯಲು ಬೇರೆ ಸಾವಿರ ದಾರಿಗಳಿವೆ.

ಕೊನೆಗೆ ನ್ಯೂಜೆರ್ಸಿಯಲ್ಲಿರುವ ನಿನ್ನ ಚಿಕ್ಕಪ್ಪನ ಮಗ. ನಿಮಗೆ ರಾತ್ರಿಯಾದಾಗ ಅವನಿಗೆ ಬೆಳಗ್ಗೆ, ತಿಂಡಿ ತಿನ್ನುತ್ತಲೇ ಆಡುತ್ತಾನೆ ಪಾಪ. ಅವನ ಮುಂದೆ ನಾಯಿಗುತ್ತಿಯನ್ನು ಇಟ್ಟುಕೊಂಡು ‘ಗೆದ್ದೆ’ ಎಂದು ಕುಣಿದೆಯಲ್ಲ, ಅವನು ಕುವೆಂಪು ಕಾದಂಬರಿಯನ್ನು ಎಲ್ಲಿ ಓದಬೇಕಿತ್ತು? ಇಬ್ಬರಿಗೂ ಗೊತ್ತಿರುವವರನ್ನು ಇಟ್ಟುಕೋ. ನಾಯಿಗುತ್ತಿಯ ಆಸೆ ಅಷ್ಟಿದ್ದರೆ ಮೊದಲು ಅವನಿಗೆ ಗುತ್ತಿಯ ಕಥೆ ಹೇಳು, ಮುಂದಿನ ತಿಂಗಳು ಪಾತ್ರ ಮಾಡಿಕೋ. ಅವನ ಸರದಿಯಲ್ಲಿ ಅವನು ಯಾವುದೋ ಬೇಸ್‌ಬಾಲ್ ಆಟಗಾರನನ್ನು ಇಟ್ಟುಕೊಂಡರೆ ನೀನೂ ಗೊಣಗದೆ ಇಪ್ಪತ್ತು ಪ್ರಶ್ನೆ ಕೇಳು.