ದುಡಿಯಲು ಹೋದಲ್ಲಿ ಜಡ್ಡು ಬಂದರೆ



ಇವತ್ತಿನ ಪಾಠ ಗುಳೆ ಹೋಗುವವರದು. ವಳಕಮದಿನ್ನಿಯಂಥ ನಮ್ಮ ಕಡೆಯ ಹಳ್ಳಿಗಳಲ್ಲಿ ಗುಳೆ ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಮಳೆ ಆಗಲಿಲ್ಲ ಅಂದರೆ, ಹೊಲದ ಕೆಲಸ ಮುಗಿಯಿತು ಅಂದರೆ ಗಂಟು ಕಟ್ಟುತ್ತೇವೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಬಸ್ಸು ಹತ್ತುತ್ತೇವೆ. ಕೆಲವರು ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಕೆಲವರು ಹೈದರಾಬಾದಿಗೆ, ಪುಣೆಗೆ, ಗೋವಾಕ್ಕೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಹಿಟ್ಟಿನ ಗಂಟು.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಜ್ವರ ಬಂದ್ರ ಮಲಗ್ರಿ ಅಂತೀರಿ. ಮಂದಿ ತುಂಬಿದ ಬಸ್ಸು ಹತ್ತಬ್ಯಾಡ್ರಿ ಅಂತೀರಿ. ಮಲಗಿದ ದಿನದ ಕೂಲಿ ಯಾರು ಕೊಡ್ತಾರ್ರಿ ಅಕ್ಕೋರೆ?"

ಸರಿಯಾದ ಪ್ರಶ್ನೆ. ಬರೀ "ಹುಷಾರಾಗಿರಿ" ಎಂದು ಹೇಳಿ ಹೋಗುವವರು ಇದಕ್ಕೆ ಉತ್ತರ ಕೊಡುವುದಿಲ್ಲ. ನಾವು ಇವತ್ತು ಇದನ್ನೇ ಓದೋಣ.

ರೋಗ ಹೇಗೆ ಊರೂರು ತಿರುಗುತ್ತದೆ?

2020ರಲ್ಲಿ ಕೊರೊನಾ ಬಂತು. ಅದಕ್ಕೆ ಕೋವಿಡ್ ಎಂದೂ ಹೆಸರು. ನಮ್ಮ ದೇಶದಲ್ಲಿ ಈ ರೋಗದಿಂದ ಆದ ಮೊದಲ ಸಾವು ಎಲ್ಲಿಯದು ಗೊತ್ತೇ? ದಿಲ್ಲಿಯದಲ್ಲ, ಮುಂಬೈಯದಲ್ಲ. ನಮ್ಮ ಮಗ್ಗುಲಿನ ಕಲಬುರಗಿಯದು. ಸೌದಿ ಅರೇಬಿಯಾಕ್ಕೆ ಹೋಗಿ ಬಂದಿದ್ದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು.

ರೋಗಕ್ಕೆ ಕಾಲಿಲ್ಲ. ಅದು ಮನುಷ್ಯರ ಜೊತೆಗೇ ಪ್ರಯಾಣ ಮಾಡುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆಗಿನ ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಓದು ಬರದ ಕಾಲದಲ್ಲೂ ದೂರ ಇರಬೇಕೆಂಬ ಬುದ್ಧಿ ನಮ್ಮವರಿಗೆ ಇತ್ತು.

ಕೊರೊನಾ ಗಾಳಿಯಲ್ಲಿ ಹರಡುತ್ತದೆ. ರೋಗ ಇದ್ದವರು ಕೆಮ್ಮಿದಾಗ, ಮಾತಾಡಿದಾಗ, ಉಸಿರು ಬಿಟ್ಟಾಗ ಸಣ್ಣ ಹನಿಗಳು ಹೊರಬರುತ್ತವೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಆ ಹನಿಗಳು ತೇಲುತ್ತಾ ಇರುತ್ತವೆ. ಇನ್ನೊಂದು ಮಾತು. ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಅದು ಬೇರೆಯವರಿಗೆ ಅಂಟಬಹುದು. "ನನಗೇನೂ ಆಗಿಲ್ಲ" ಎಂದು ಬಸ್ಸು ಹತ್ತಿದವರೂ ರೋಗ ಹೊತ್ತು ತಂದಿರಬಹುದು. ಅದು ಅವರ ತಪ್ಪಲ್ಲ. ಊರಿಗೆ ಬಂದವರನ್ನು ಬೈದು, ನೀರಿನ ನಳಕ್ಕೆ ಬರಬೇಡಿ ಎನ್ನುವುದು ಮಾತ್ರ ತಪ್ಪು.

ಆ ವರ್ಷ ಏನಾಯಿತು?

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಲಾಕ್‌ಡೌನ್ ಅಂದರೆ ಎಲ್ಲವನ್ನೂ ಬಂದ್ ಮಾಡುವುದು. ಬಸ್ಸಿಲ್ಲ, ರೈಲಿಲ್ಲ. ಕೆಲಸ ನಿಂತಿತು. ಕೂಲಿ ನಿಂತಿತು. ಕೂಲಿ ಇಲ್ಲದೆ ಪಟ್ಟಣದಲ್ಲಿ ಎಷ್ಟು ದಿನ ಇರಲಾದೀತು? ಜನ ಸಿಕ್ಕ ಗಾಡಿ ಹತ್ತಿದರು. ಗಾಡಿ ಸಿಗದವರು ನಡೆದರು.

ಮಾರ್ಚ್ ಕೊನೆಗೆ ತೆಲಂಗಾಣದಿಂದ ರಾಯಚೂರು ಕಡೆಗೆ ತೆರೆದ ಗಾಡಿಯಲ್ಲಿ ಬರುತ್ತಿದ್ದ ಕೂಲಿಕಾರರಿಗೆ ಹೈದರಾಬಾದ್ ಹತ್ತಿರ ಲಾರಿ ಬಡಿಯಿತು. ಹಲವರು ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಏಪ್ರಿಲ್‌ನಲ್ಲಿ, ಬೆಂಗಳೂರಿನಿಂದ ನಡೆದು ಹೊರಟಿದ್ದ ಸಿಂಧನೂರು ಕಡೆಯ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ತೀರಿಕೊಂಡಳು. ಇವರನ್ನು ಕೊಂದದ್ದು ಕೊರೊನಾ ಅಲ್ಲ. ದಾರಿ.

ಮೇ ತಿಂಗಳ ಮೊದಲಲ್ಲಿ ಬೆಂಗಳೂರಿನಿಂದ ಸರ್ಕಾರಿ ಬಸ್ಸು ಬಿಟ್ಟರು. ಮೊದಲು ಹೋಗಿಬರುವ ಎರಡೂ ಕಡೆಯ ಚಾರ್ಜು ಕೇಳಿದರು. ಕೈಯಲ್ಲಿ ಕಾಸಿಲ್ಲದ ಮಂದಿ ಎಲ್ಲಿಂದ ತಂದಾರು? ಗದ್ದಲವಾಯಿತು. ಆಮೇಲೆ ಕೆಲವು ದಿನ ಪುಕ್ಕಟೆ ಬಿಟ್ಟರು.

ಇಲ್ಲಿ ಒಂದು ಮಾತು ಗಮನಿಸಿ. ನಿಂತಲ್ಲೇ ಕೂಲಿ, ಊಟ, ಬಾಡಿಗೆ ಮನೆ ಉಳಿದಿದ್ದರೆ ಅಷ್ಟು ಜನ ದಾರಿ ಹಿಡಿಯುತ್ತಿರಲಿಲ್ಲ. ರೋಗವೂ ಅಷ್ಟು ದೂರ ಬರುತ್ತಿರಲಿಲ್ಲ. ಮಲಗಿದ ದಿನದ ಕೂಲಿ ಒಬ್ಬರ ಹೊಟ್ಟೆಯ ಮಾತಷ್ಟೇ ಅಲ್ಲ. ಊರೆಲ್ಲರ ಆರೋಗ್ಯದ ಮಾತು.

ಸರ್ಕಾರ ಏನು ಹೇಳಿತು?

2020ರ ಮಾರ್ಚ್ 29ರಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಬಂದ್ ಇದ್ದರೂ ಮಾಲೀಕರು ಕೂಲಿ ಕಡಿಯದೆ ಕೊಡಬೇಕು. ಮನೆ ಮಾಲೀಕರು ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು. ಓದಲು ಚೆಂದ. ಆದರೆ ಮೇ 18ರಿಂದ ಆ ಆದೇಶ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರೂ ಕೆಲಸಗಾರರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಮೇಸ್ತ್ರಿಯ ಊರು ಯಾವುದು ಎಂದು ಕೂಡ ಗೊತ್ತಿಲ್ಲದ ನಾವು ಯಾರ ಜೊತೆ ಕೂತು ಮಾತಾಡುವುದು?

ಕಾಗದ ಇದ್ದವರಿಗೆ ಸ್ವಲ್ಪ ಆಸರೆ ಇತ್ತು. ಕರ್ನಾಟಕದ ಕಾರ್ಮಿಕ ಇಲಾಖೆ 2020ರ ಮಾರ್ಚ್‌ನಲ್ಲಿ, ಇ.ಎಸ್.ಐ. ಇರುವ ಕಡೆ ಕೊರೊನಾ ಬಂದವರಿಗೆ 28 ದಿನ ಸಂಬಳದ ರಜೆ ಕೊಡಿ ಎಂದು ತಿಳಿಸಿತ್ತು.

ಇ.ಎಸ್.ಐ. ಅಂದರೇನು? ಇದು ಕೆಲಸಗಾರರ ವಿಮೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಅಂಗಡಿಗಳಿಗೆ ಇದು ಬರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳು ಇದನ್ನು ಬಲ್ಲರು. ಕೂಲಿಯ ಪ್ರತಿ 100 ರೂಪಾಯಿಗೆ ನಮ್ಮಿಂದ 75 ಪೈಸೆ ಹಿಡಿಯುತ್ತಾರೆ. ಮಾಲೀಕ 3 ರೂಪಾಯಿ 25 ಪೈಸೆ ಹಾಕಬೇಕು. ಜಡ್ಡು ಬಿದ್ದರೆ ಕೂಲಿಯ 100ಕ್ಕೆ 70 ರೂಪಾಯಿ ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ.

ಲೆಕ್ಕ ಮಾಡೋಣ. ದಿನದ ಕೂಲಿ 500 ರೂಪಾಯಿ. ಅದರಲ್ಲಿ 100ಕ್ಕೆ 70ರಂತೆ 350 ರೂಪಾಯಿ. ಹತ್ತು ದಿನಕ್ಕೆ 3,500 ರೂಪಾಯಿ. ಪೂರ್ತಿ ಕೂಲಿ ಅಲ್ಲ, ನಿಜ. ಆದರೆ ಸಾಲ ಮಾಡದೆ ಮಲಗಬಹುದು.

ಇದಕ್ಕೆ ಡಾಕ್ಟರ ಚೀಟಿ ಬೇಕು. ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. 2020ರಲ್ಲಿ ಇದ್ದ 1948ರ ಕಾಯ್ದೆಯ ಪ್ರಕಾರ, ಈ ಹಣ ಪಡೆಯುತ್ತಿರುವಾಗ ಕೆಲಸಗಾರಳನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಇ.ಎಸ್.ಐ. ಅವುಗಳಲ್ಲೂ ಇದೆ. ಕೆಲಸಕ್ಕೆ ಸೇರಿಸಿಕೊಂಡವರು ಬರವಣಿಗೆಯಲ್ಲಿ ಕೆಲಸದ ಪತ್ರ ಕೊಡಬೇಕು ಎಂದೂ ಅವುಗಳಲ್ಲಿ ಇದೆ. ಕೇಳಿ ಪಡೆಯಿರಿ.

ಕಟ್ಟಡದ ಕೆಲಸದವರಿಗೆ ಬೇರೆ ಒಂದು ಮಂಡಳಿ ಇದೆ. ವಯಸ್ಸು 18ರಿಂದ 60 ಇರಬೇಕು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಅಂಥವರು ಹೆಸರು ಬರೆಸಿ ಕಾರ್ಡು ಪಡೆಯಬಹುದು. 2020ರಲ್ಲಿ ಸರ್ಕಾರ ಈ ಕಾರ್ಡಿನವರಿಗೆ ಮೊದಲು 2,000, ಆಮೇಲೆ 3,000 ರೂಪಾಯಿ ಎಂದು ಹೇಳಿತು. ಆಗ ರಾಜ್ಯದಲ್ಲಿ ಹೆಸರು ಬರೆಸಿದವರು 15 ಲಕ್ಷ 80 ಸಾವಿರ. ಮೇ ಮೊದಲ ವಾರದವರೆಗೆ ಹಣ ಮುಟ್ಟಿದ್ದು 11 ಲಕ್ಷ 80 ಸಾವಿರ ಜನಕ್ಕೆ. ಉಳಿದ 4 ಲಕ್ಷ ಜನರ ಬ್ಯಾಂಕ್ ಖಾತೆಯ ವಿವರ ಇನ್ನೂ ನೋಡಬೇಕಿತ್ತು. ಖಾತೆಯ ಒಂದು ಅಂಕಿ ತಪ್ಪಿದರೂ ಹಣ ನಿಲ್ಲುತ್ತದೆ. ಪಾಸ್‌ಬುಕ್ ತೆಗೆದು ನಿಮ್ಮ ಖಾತೆಯ ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ. ಈಗ ನಿಮಗೆ ಬರುತ್ತದೆ.

ಹೊಲದ ಕೂಲಿಯವರಿಗೆ, ಮನೆಗೆಲಸದವರಿಗೆ ಜಡ್ಡಿನ ದಿನದ ಕೂಲಿ ಕೊಡುವ ಇಂಥ ಏರ್ಪಾಡು ಇಲ್ಲ. ಇ-ಶ್ರಮ್ ಕಾರ್ಡು ಇದ್ದರೂ ಅದು ಮಲಗಿದ ದಿನಕ್ಕೆ ಕೂಲಿ ಕೊಡುವುದಿಲ್ಲ. ಇದು ಅನ್ಯಾಯ ಎಂದೇ ನಾವು ಹೇಳುತ್ತೇವೆ. ಮಹಿಳಾ ಸಂಘದಲ್ಲಿ, ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕು.

ದುಡಿಯುವ ಜಾಗದಲ್ಲಿ ಜ್ವರ ಬಂದರೆ

ಗಾಬರಿಯಾಗಿ ಊರಿನ ಬಸ್ಸು ಹತ್ತಬೇಡಿ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೊಟ್ಟ ಚೀಟಿ ಜೋಪಾನ ಮಾಡಿ. ಅದರ ಮೇಲೆ ನಿಮ್ಮ ಹೆಸರು, ತಾರೀಖು ಸರಿ ಇದೆಯೇ ಓದಿ. ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಸಾಲದು. ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳಿಸಿ: "ನನಗೆ ಜ್ವರ ಇದೆ. ಡಾಕ್ಟರು ಇಷ್ಟು ದಿನ ಮಲಗಲು ಹೇಳಿದ್ದಾರೆ." ಆ ಸಾಲು ಮುಂದೆ ಸಾಕ್ಷಿ ಆಗುತ್ತದೆ.

ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿ ಆದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಅಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ.

ಊರಿಗೆ ಬರಲೇಬೇಕಾದರೆ ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ. ಕಿಟಕಿ ತೆಗೆದು ಕೂಡಿ. ಲಾರಿಯಲ್ಲಿ, ಟೆಂಪೋದಲ್ಲಿ ತುಂಬಿಕೊಂಡು ಬರಬೇಡಿ. ಮನೆ ಸೇರಿದ ಮೇಲೆ ವಯಸ್ಸಾದ ಅತ್ತೆ, ಮಾವನಿಂದ ಕೆಲವು ದಿನ ದೂರ ಮಲಗಿ. ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೂಲಿ ಹಿಡಿದರೆ, ಜಡ್ಡು ಎಂದು ಕೆಲಸದಿಂದ ತೆಗೆದರೆ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಬಹುದು. ಕಾರ್ಮಿಕ ಸಹಾಯವಾಣಿ 155214.

ಹೊಸ ಪದಗಳು

ವಂತಿಗೆ – ಎಲ್ಲರೂ ಸೇರಿ ಹಾಕುವ ಹಣ
ಸಂಹಿತೆ – ಹಲವು ಕಾಯ್ದೆ ಸೇರಿಸಿ ಮಾಡಿದ ಒಂದು ಕಾಯ್ದೆ
ಆದೇಶ – ಸರ್ಕಾರದ ಅಪ್ಪಣೆ

ಬರೆಯಿರಿ

ಗುಳೆ ಹೊರಡುವ ಮುಂಚೆ ಈ ಚೀಟಿ ತುಂಬಿ. ಒಂದು ನಿಮ್ಮ ಹತ್ತಿರ ಇರಲಿ, ಇನ್ನೊಂದು ಮನೆಯಲ್ಲಿ ಇರಲಿ.

ನನ್ನ ಹೆಸರು ..............
ಕೆಲಸದ ಜಾಗ, ಊರು ..............
ಮೇಸ್ತ್ರಿಯ ಹೆಸರು, ಫೋನ್ ..............
ಮಾಲೀಕರ ಅಥವಾ ಕಂಪನಿಯ ಹೆಸರು ..............
ಕೆಲಸ ಶುರುವಾದ ತಾರೀಖು ..............
ದಿನದ ಕೂಲಿ ..............
ಇ.ಎಸ್.ಐ. ಅಥವಾ ಕಟ್ಟಡ ಕಾರ್ಮಿಕರ ಕಾರ್ಡಿನ ನಂಬರು ..............