ಸ್ಕಾಟ್ಸ್ ಪೈನ್ ಕಾಡು: ಬೆಳವಣಿಗೆ, ಆರೋಗ್ಯ – ಮುಖ್ಯಾಂಶಗಳು

ಗುರುತು: ವೈಜ್ಞಾನಿಕ ಹೆಸರು ಪೈನಸ್ ಸಿಲ್ವೆಸ್ಟ್ರಿಸ್, ಹೆಸರಿಟ್ಟವನು ಲಿನೇಯಸ್, 1753. ಸೂಜಿ ಎಲೆಗಳು ಎರಡೆರಡರ ಜೋಡಿ. ನಮ್ಮ ಹಿಮಾಲಯದ ಚೀರ್ ಪೈನ್‌ನಲ್ಲಿ ಮೂರು ಮೂರು, ಅದಲುಬದಲು ಮಾಡಬೇಡಿ. ಕಾಂಡದ ಮೇಲ್ಭಾಗದ ತೊಗಟೆ ಕಿತ್ತಳೆಗೆಂಪು. ಪೈನ್ ಜಾತಿಗಳಲ್ಲೇ ಅತಿ ವಿಶಾಲ ಹರವು ಇದರದು: ಸ್ಪೇನ್, ಸ್ಕಾಟ್ಲೆಂಡ್‌ನಿಂದ ಪೂರ್ವ ಸೈಬೀರಿಯದವರೆಗೆ. 2014ರಿಂದ ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಮರ.

ಬೆಳಕು: ಇದು ಬಿಸಿಲು ಬೇಡುವ ಮರ, ದಟ್ಟ ನೆರಳಲ್ಲಿ ಸಸಿ ಮೇಲೇಳುವುದಿಲ್ಲ. ಆದ್ದರಿಂದಲೇ ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಕಟಾವಿನ ವೇಳೆ ಹೆಕ್ಟೇರಿಗೆ ಸುಮಾರು 50ರಿಂದ 150 ಒಳ್ಳೆಯ ಮರಗಳನ್ನು ಬೀಜಕ್ಕೆಂದು ಉಳಿಸಿ, ನೆಲವನ್ನು ಕೆದಕಿ ಬಿಡುತ್ತಾರೆ. ಬೀಜ ಹಗುರ, ರೆಕ್ಕೆಯುಳ್ಳದ್ದು. ಕೆದಕಿದ ಮಣ್ಣಲ್ಲಿ ತಾನೇ ಮೊಳೆಯುತ್ತದೆ. ಕಾಯಿ ಮಾಗಲು ಪರಾಗಸ್ಪರ್ಶದಿಂದ ಎರಡನೆಯ ಶರತ್ಕಾಲದವರೆಗೆ ಕಾಯಬೇಕು.

ಎಳೆಯ ವಯಸ್ಸಿನಲ್ಲಿ ಒತ್ತಾಗಿ ಬೆಳೆದರೆ ಕೆಳಗಿನ ಕೊಂಬೆಗಳು ಬೇಗ ಒಣಗಿ, ಮರಮುಟ್ಟಿನಲ್ಲಿ ಗಂಟು ಸಣ್ಣದಾಗುತ್ತದೆ.

ನೆಲದ ಶಕ್ತಿ ಅಳೆಯುವುದು ಎತ್ತರದಿಂದ. ಸ್ವೀಡನ್ನಿನಲ್ಲಿ ‘ಟಿ 24’ ಎಂದರೆ, ಪೈನ್ ಕಾಡಿನ ಮೇಲ್ಪಂಕ್ತಿಯ ಮರಗಳು 100ನೇ ವಯಸ್ಸಿಗೆ 24 ಮೀಟರ್ ಮುಟ್ಟುವ ನೆಲ. ಉತ್ತರದ ಕಾಡುಗಳಲ್ಲಿ ಬೆಳವಣಿಗೆಗೆ ಮೊದಲ ಕೊರತೆ ಸಾರಜನಕದ್ದು. ಬೇರಿಗಂಟಿದ ಮೈಕೋರೈಜಾ ಶಿಲೀಂಧ್ರಗಳೇ ಅದನ್ನು ಹೆಕ್ಕಿ ತರುತ್ತವೆ.

ಥಿನ್ನಿಂಗ್: ಇಲ್ಲಿ ವಿದ್ಯಾರ್ಥಿಗಳು ಎಡವುವುದೇ ಹೆಚ್ಚು. ಮರಗಳನ್ನು ವಿರಳಗೊಳಿಸಿದರೆ ಉಳಿದ ಮರಗಳ ಸುತ್ತಳತೆ ಹೆಚ್ಚುತ್ತದೆ, ಎತ್ತರ ಅಷ್ಟಾಗಿ ಬದಲಾಗದು. ಹೆಕ್ಟೇರಿನ ಒಟ್ಟು ಮರದ ಇಳುವರಿಯೂ ಏರುವುದಿಲ್ಲ. ಲಾಭವಿರುವುದು ದಪ್ಪ ದಿಮ್ಮಿಯಲ್ಲಿ, ಬಲವಾದ ಹಂದರದಲ್ಲಿ.

ಆದರೆ ಪ್ರತಿ ಥಿನ್ನಿಂಗೂ ಕಾಡಿನಲ್ಲಿ ಹಸಿ ಗಾಯಗಳನ್ನು ಬಿಟ್ಟುಹೋಗುತ್ತದೆ. ಹೆಟೆರೋಬೇಸಿಡಿಯಾನ್ ಅನೋಸಮ್ ಎಂಬ ಬೇರುಕೊಳೆ ಶಿಲೀಂಧ್ರದ ಬೀಜಕಗಳು ಗಾಳಿಯಲ್ಲಿ ಬಂದು ಆಗಷ್ಟೇ ಕಡಿದ ಮೋಟಿನ ಮೇಲೆ ಕೂರುತ್ತವೆ; ಅಲ್ಲಿಂದ ಶಿಲೀಂಧ್ರ ಬೇರಿಗಿಳಿಯುತ್ತದೆ, ಬೇರುಬೇರು ತಾಗಿದಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ನಮ್ಮ ಅಡಿಕೆ ತೋಟದ ಅಣಬೆ ರೋಗ ನೆಲದೊಳಗೆ ಹಬ್ಬುವ ಬಗೆ ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸ್ಪ್ರೂಸ್‌ನಲ್ಲಿ ಇದು ಮರದ ಒಡಲನ್ನು ಕೊಳೆಸಿದರೆ, ಪೈನ್‌ನಲ್ಲಿ ಬೇರನ್ನು ಕೊಂದು ಮರವನ್ನೇ ಒಣಗಿಸುತ್ತದೆ. ಕೇಂಬ್ರಿಡ್ಜ್‌ನ ಜಾನ್ ರಿಷ್‌ಬೆತ್ ಪೂರ್ವ ಇಂಗ್ಲೆಂಡಿನ ಪೈನ್ ನೆಡುತೋಪುಗಳಲ್ಲಿ ಈ ದಾರಿಯನ್ನು ಪತ್ತೆ ಮಾಡಿದರು. ನಿರುಪದ್ರವಿಯಾದ ಫ್ಲೆಬಿಯಾಪ್ಸಿಸ್ ಜೈಗಾಂಟಿಯ ಎಂಬ ಮತ್ತೊಂದು ಶಿಲೀಂಧ್ರವನ್ನು ಮೋಟಿಗೆ ಹಚ್ಚಿ ಜಾಗ ಮೊದಲೇ ತುಂಬಿಸುವ ಉಪಾಯವನ್ನು 1963ರಲ್ಲಿ ಪ್ರಕಟಿಸಿದರು. ಅರಣ್ಯ ರೋಗಶಾಸ್ತ್ರದಲ್ಲಿ ಜೈವಿಕ ನಿಯಂತ್ರಣದ ಇಷ್ಟು ಚೆಂದದ ಉದಾಹರಣೆ ನನಗೆ ಬೇರೆ ತೋಚದು. ಯೂರಿಯಾ ದ್ರಾವಣ ಹಚ್ಚುವುದು, ಬೀಜಕಗಳು ಹಾರದ ಕೊರೆಯುವ ಚಳಿಯಲ್ಲಿ ಕಡಿಯುವುದು ಇನ್ನೆರಡು ದಾರಿ.

ಮೂತಿಹುಳುವೂ ಮೋಟಿನ ಮಗುವೇ. ಹೈಲೋಬಿಯಸ್ ಅಬಿಯೆಟಿಸ್ ಹಸಿ ಮೋಟಿನ ಬೇರಲ್ಲಿ ಮೊಟ್ಟೆಯಿಟ್ಟು, ಹೊಸದಾಗಿ ನೆಟ್ಟ ಸಸಿಯ ತೊಗಟೆಯನ್ನು ಬಳೆಯಂತೆ ಸುತ್ತ ಕೆರೆದು ತಿನ್ನುತ್ತದೆ. ಪರಿಹಾರ: ನಾಟಿ ತಡಮಾಡುವುದು, ಸಸಿಯ ಸುತ್ತ ಬರಿಮಣ್ಣು ಬಿಡುವುದು, ಕಾಂಡಕ್ಕೆ ಲೇಪ.

ಒಂದೇ ಸಾಲಿನ ಉತ್ತರಗಳು: ಸೂಜಿ ಎಲೆಯ ಕೆಂಪುಪಟ್ಟಿ ರೋಗ – ಡೋತಿಸ್ಟ್ರೋಮ. ಪೈನ್ ಜಂತುಹುಳು – ಯುರೋಪಿನಲ್ಲಿ ಮೊದಲು ಕಂಡದ್ದು ಪೋರ್ಚುಗಲ್‌ನಲ್ಲಿ, 1999. ಹೊರುವುದು ಮೊನೊಕಾಮಸ್ ದುಂಬಿ. ಎಳೆ ಪೈನ್ ಮೇಯುವ ದೊಡ್ಡ ಪ್ರಾಣಿ – ಮೂಸ್.

ಬರ: ಸ್ವಿಟ್ಜರ್ಲೆಂಡಿನ ವಾಲೆ ಕಣಿವೆಯಲ್ಲಿ ಪೈನ್ ಸಾಯುತ್ತಿದೆ, ಡೌನಿ ಓಕ್ ಜಾಗ ಹಿಡಿಯುತ್ತಿದೆ. ಬಂದಳಿಕೆ ಹತ್ತಿದ ಮರಕ್ಕೆ ಕಷ್ಟ ಇಮ್ಮಡಿ, ಏಕೆಂದರೆ ಮರ ಪತ್ರರಂಧ್ರ ಮುಚ್ಚಿಕೊಂಡರೂ ಬಂದಳಿಕೆ ನೀರು ಸೆಳೆಯುತ್ತಲೇ ಇರುತ್ತದೆ. ಅಲ್ಲಿನ ಫಿನ್‌ವಾಲ್ಡ್ ಕಾಡಿಗೆ 2003ರಿಂದ ಪ್ರಯೋಗಾರ್ಥ ನೀರು ಹಾಯಿಸುತ್ತಿದ್ದಾರೆ. ನೀರುಂಡ ಮರಗಳ ಹಂದರ ದಟ್ಟವಾಯಿತು, ಉಂಗುರ ಅಗಲವಾಯಿತು. ಕೆಲವು ಭಾಗಗಳಿಗೆ 2013ರಲ್ಲಿ ನೀರು ನಿಲ್ಲಿಸಿ, ಆ ಮರಗಳು ಹೇಗೆ ಹೊಂದಿಕೊಳ್ಳುತ್ತವೆಂದು ಅಳೆಯುತ್ತಿದ್ದಾರೆ. ಇಂಥ ಒಣ ನೆಲದಲ್ಲಿ ಥಿನ್ನಿಂಗ್ ಮಾಡುವುದು ಉಳಿದ ಮರಗಳ ಪಾಲಿಗೆ ನೀರು ಹೆಚ್ಚಿಸಲು.